ಹೆಸರಿಲ್ಲದ ಊರನ್ನು ಯಾವ ಖಾತೆಗೆ ಬರೆಯೋಣ?

ಗೇಮ್ ಆಡುವುದಕ್ಕಿಂತ ಗೇಮ್‌ಗಳ ಬಗ್ಗೆ ಓದುವುದೇ ನನಗೆ ಹೆಚ್ಚು ಇಷ್ಟ. (ಅಬ್ಬಾ ಅವರಿಗೆ ಎರಡೂ ಕಾಲಹರಣವೇ.) ಒಂದೊಂದು ಗೇಮ್‌ಗೂ ಆಟಗಾರರೇ ಸೇರಿ ಬರೆಯುವ ವಿಕಿಗಳಿವೆ. ಅಲ್ಲಿ ಪ್ರತಿ ಪುಟವನ್ನೂ ಪಾತ್ರ, ಆಯುಧ, ಸ್ಥಳ ಹೀಗೆ ಒಂದು ವರ್ಗಕ್ಕೆ ಸೇರಿಸುತ್ತಾರೆ. ತೊಡಕು ಬರುವುದು ಸ್ಥಳದಲ್ಲಿ. ಬರೀ ಕಾಡು, ಬರೀ ಮರುಭೂಮಿ, ಬರೀ ಸಂತೆ. ಹೆಸರೇ ಇಲ್ಲದ ಇಂಥ ಜಾಗಗಳನ್ನು ಎಲ್ಲಿಗೆ ಸೇರಿಸುವುದು?

2017ರಲ್ಲಿ ಬಂದ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಗೇಮ್ ನೋಡಿ. ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕಾಟ ಹೊಯ್ಸಳರ ಕಾಲದ ಗಣೇಶನ ದಂತಕ್ಕಾಗಿ. ಹಳೇಬೀಡು, ಬೇಲೂರು ಎಂಬ ಹೆಸರುಗಳೇ ಬರುತ್ತವೆ. ದೀಪಾವಳಿ ಹೊತ್ತಿಗೆ ದೊಡ್ಡ ಮಣ್ಣಿನ ಗಣಪತಿ ಕೂರುವ, ಪಕ್ಕದಲ್ಲೇ ಜಕಣಾಚಾರಿಯ ಕೈದಾಳ ಇರುವ ಗೂಳೂರಿನವರಿಗೆ ಇದು ದೂರದ ಕಥೆಯಲ್ಲ. ಇದನ್ನು 'ಕಾಡು' ಎಂಬ ಒಂದೇ ವರ್ಗಕ್ಕೆ ಹಾಕಿ ಮುಗಿಸಿದರೆ ತಪ್ಪು. ಆಟದ ಹಳೇಬೀಡು ಬೆಟ್ಟಗಳ ನಡುವೆ ಇದೆ, ನಿಜವಾದದ್ದು ಹಾಗಿಲ್ಲ ಎನ್ನಬಹುದು. ಇರಲಿ, ಆಟ ಹೆಸರು ಹೇಳಿದ ಮೇಲೆ ವಿಕಿಯೂ ಹೇಳಬೇಕು. ವ್ಯತ್ಯಾಸವನ್ನು ಪುಟದೊಳಗೆ ಬರೆದರಾಯಿತು.

ಆದರೆ ಅದೇ ಗೇಮ್ ಶುರುವಾಗುವುದು ಭಾರತದ ಯಾವುದೋ ನಗರದ ಸಂತೆಯಲ್ಲಿ. ನಗರದ ಹೆಸರಿಲ್ಲ. ಅಲ್ಲಿ ನಾವೇ ಊಹಿಸಿ ಮುಂಬೈ, ಹೈದರಾಬಾದ್ ಎಂದು ಬರೆಯಬಾರದು.

ನನ್ನನ್ನು ನಿಜವಾಗಿ ಕೆಣಕಿದ್ದು 'ಕಾಲ್ ಆಫ್ ಡ್ಯೂಟಿ'. 2007ರ ಗೇಮ್‌ನಲ್ಲಿ ಮಧ್ಯಪ್ರಾಚ್ಯದ ಒಂದು ದೇಶ ಬರುತ್ತದೆ, ಅದಕ್ಕೆ ಹೆಸರೇ ಇಲ್ಲ. 2009ರ 'ಮಾಡರ್ನ್ ವಾರ್‌ಫೇರ್ 2'ರಲ್ಲಿ 'ಕರಾಚಿ' ಎಂಬ ಮ್ಯಾಪ್ ಇದೆ. ಹೆಸರು ಕರಾಚಿ, ಅಂಗಡಿ ಬೋರ್ಡುಗಳು ಮಾತ್ರ ಅರಬ್ಬಿಯಲ್ಲಿ! ಅಮ್ಮಿಗೆ ಚಿತ್ರ ತೋರಿಸಿದೆ. ಒಮ್ಮೆ ಕಣ್ಣಾಡಿಸಿ, "ಇದು ಉರ್ದು ಅಲ್ಲವಲ್ಲ" ಎಂದರು. ಮಾಡಿದವರಿಗೇ ಎರಡೂ ಒಂದೇ ಆಗಿ ಕಂಡರೆ, ವಿಕಿಯಲ್ಲಿ ಬರೆಯುವವರೂ ಎರಡನ್ನೂ 'ಮಧ್ಯಪ್ರಾಚ್ಯ'ಕ್ಕೆ ತಳ್ಳುವುದು ಎಷ್ಟು ಹೊತ್ತು? ಮರುಭೂಮಿ ಎಂಬುದು ಜಾಗದ ಬಗೆ. 'ಮುಸ್ಲಿಮರ ಊರಿನಂತೆ ಕಾಣುವುದು' ಒಂದು ಬಗೆಯಲ್ಲ. ಗುಮ್ಮಟ ಕಂಡ ಕೂಡಲೇ ಮಧ್ಯಪ್ರಾಚ್ಯ ಎನ್ನುವುದಾದರೆ ವಿಜಯಪುರದ ಗೋಳಗುಮ್ಮಟವನ್ನು ಎಲ್ಲಿಗೆ ಸೇರಿಸುತ್ತೀರಿ?

ಕಾಮರ್ಸ್‌ನವರಿಗೆ ಇದಕ್ಕೆ ದಾರಿ ಗೊತ್ತು. ಪ್ರತಿ ಜಾಗಕ್ಕೂ ಎರಡು ನಮೂದು ಇರಲಿ: ಎಂಥ ಜಾಗ, ಯಾವ ಜಾಗ. ಮೊದಲನೆಯದನ್ನು ಕಂಡದ್ದನ್ನು ನೋಡಿ ತುಂಬಬಹುದು. ಎರಡನೆಯದನ್ನು ಆಟ ಹೇಳಿದಷ್ಟೇ ಬರೆಯಬೇಕು. ಹೇಳದಿದ್ದರೆ 'ಹೆಸರಿಸದ ಸ್ಥಳಗಳು' ಎಂಬ ವರ್ಗ ಇರಲಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಿಕ್ಕ ಖಾತೆಗೆ ತುರುಕದೆ ಸಸ್ಪೆನ್ಸ್ ಅಕೌಂಟಿನಲ್ಲಿ ಇಡುತ್ತೇವಲ್ಲ, ಹಾಗೆ. ಮೈನ್‌ಕ್ರಾಫ್ಟ್‌ನಂಥ ಗೇಮ್‌ಗೆ ಇದೂ ಬೇಡ. ಅಲ್ಲಿ ಕಾಡು, ಮರುಭೂಮಿ ಎಂಬುವೇ ಜಾಗದ ಹೆಸರುಗಳು, ಏನೂ ಬಿಟ್ಟುಹೋಗಿಲ್ಲ.

ಈ ಲೆಕ್ಕದಲ್ಲಿ ಆ ಸಂತೆ: ನಗರದ ಸಂತೆ, ಭಾರತ, ಊರು ಹೆಸರಿಸಿಲ್ಲ. ಕರಾಚಿ: ನಗರ, ಪಾಕಿಸ್ತಾನ. ಬೋರ್ಡುಗಳ ಬಗ್ಗೆ ಅಮ್ಮಿ ಹೇಳಿದ್ದನ್ನು ಪುಟದೊಳಗೆ ಒಂದು ಸಾಲು ಸೇರಿಸಬೇಕು ಅಂದುಕೊಂಡಿದ್ದೇನೆ.