ಬಾಯಿಪಾಠ ಎಂದು ಬಯ್ಯುವ ಮುನ್ನ

ನಗರಗಳ ಅನೇಕ ಹೊಸ ಚರ್ಚುಗಳಲ್ಲಿ ಭಾನುವಾರದ ಆರಾಧನೆಯಿಂದ ಒಂದು ಭಾಗ ಸದ್ದಿಲ್ಲದೆ ಬಿದ್ದುಹೋಗಿದೆ. ತಾವು ಏನನ್ನು ನಂಬುತ್ತೇವೆ ಎಂದು ಎಲ್ಲರೂ ಎದ್ದುನಿಂತು ಒಂದೇ ದನಿಯಲ್ಲಿ ಹೇಳುವ ವಿಶ್ವಾಸ ಪ್ರಮಾಣ ಅದು. ಗಿಟಾರ್ ಇದೆ, ಪರದೆಯ ಮೇಲೆ ಹಾಡುಗಳಿವೆ, ಮುಕ್ಕಾಲು ಗಂಟೆಯ ಪ್ರಸಂಗವಿದೆ. ಎರಡು ನಿಮಿಷದ ಪ್ರಮಾಣಕ್ಕೆ ಮಾತ್ರ ಸಮಯವಿಲ್ಲ. ಯಾಕೆಂದು ಕೇಳಿದರೆ, "ಅದು ಬರೀ ಬಾಯಿಪಾಠ, ನಮಗೆ ಬೇಕಿರುವುದು ಹೃದಯದ ಮಾತು" ಎನ್ನುತ್ತಾರೆ.

ಕೇಳಲು ಚೆಂದದ ಉತ್ತರ. ಆದರೆ ತಪ್ಪು ಉತ್ತರ, ಅಪಾಯದ್ದೂ ಹೌದು.

ಮೊದಲು ಬಾಯಿಪಾಠದ ವಿಚಾರ. ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕೆಂದು 2023ರಲ್ಲಿ ಕರ್ನಾಟಕ ಸರ್ಕಾರ ತೀರ್ಮಾನಿಸಿದಾಗ ನನ್ನಂಥವರು ಮೆಚ್ಚಿದೆವು. ಓದುವ ಪ್ರತಿ ಮಗುವಿನ ಎದೆಯಲ್ಲೂ ಆ ಕ್ಷಣ ಭ್ರಾತೃತ್ವ ಉಕ್ಕುತ್ತದೆ ಎಂದಲ್ಲ. ಮಾತು ಮೊದಲು ನಾಲಿಗೆಗೆ ಬರಲಿ, ಬೇಕಾದ ದಿನ ಅರ್ಥ ಒದಗುತ್ತದೆ ಎಂಬ ನಂಬಿಕೆಯಿಂದ. ವಿಶ್ವಾಸ ಪ್ರಮಾಣವೂ ಹಾಗೆಯೇ. ಐಸಿಯು ಹೊರಗೆ ರಾತ್ರಿ ಕೂತವನಿಗೆ ಸ್ವಂತ ಪ್ರಾರ್ಥನೆ ಹೊಳೆಯದೆ ಹೋಗಬಹುದು. ಆಗ ಕೈಹಿಡಿಯುವುದು ನಾವು ಹೀಗಳೆದ ಆ ಬಾಯಿಪಾಠವೇ.

ಎರಡನೆಯದು, ಇದು ಚಕ್ರವರ್ತಿ ಹೇರಿದ ಪಠ್ಯ ಎಂಬ ಆರೋಪ. 325ರಲ್ಲಿ ನೈಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್‌ಗಳ ಸಭೆ ಕರೆದವನು ಕಾನ್‌ಸ್ಟಂಟೈನ್ ಎಂಬುದು ನಿಜ. ಕ್ರಿಸ್ತನೂ ದೇವರ ಸೃಷ್ಟಿಯೇ ಎಂದು ಬೋಧಿಸುತ್ತಿದ್ದ ಅರಿಯುಸನ ವಾದವನ್ನು ಆ ಸಭೆ ತಳ್ಳಿಹಾಕಿತು. ಆದರೆ ಮುಂದೇನಾಯಿತು ನೋಡಿ. ನೈಸಿಯಾದ ಪ್ರಮಾಣವನ್ನು ಬಿಟ್ಟುಕೊಡದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯುಸ್ ಐದು ಸಲ ಗಡೀಪಾರಾದ. ಮೊದಲ ಸಲ ಅವನನ್ನು ಅಟ್ಟಿದವನು ಅದೇ ಕಾನ್‌ಸ್ಟಂಟೈನ್. ಅವನ ಮಗ ಕಾನ್‌ಸ್ಟಾನ್ಷಿಯಸ್ ಎದುರು ಪಕ್ಷಕ್ಕೇ ಒಲಿದ. ಕೊನೆಗೆ ಥಿಯೋಡೋಸಿಯಸ್‌ನ ಬೆಂಬಲ ಸಿಕ್ಕಿತು, ಇಂದು ಬಳಕೆಯಲ್ಲಿರುವ ರೂಪವನ್ನು 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಂದಿಗೆ ಗುರುತಿಸುತ್ತಾರೆ. ಆದರೆ ಅದಕ್ಕೆ ಮೊದಲು ದಶಕಗಟ್ಟಲೆ ಅರಮನೆಯ ಸಿಟ್ಟನ್ನು ತಾಳಿಕೊಂಡ ಮಾತಿದು.

ಮೂರನೆಯ ಆಕ್ಷೇಪ ಪ್ರಾಮಾಣಿಕವಾದದ್ದು: ಪ್ರತಿ ಪದವೂ ನನಗೆ ಒಪ್ಪಿಗೆಯಿಲ್ಲ, ಹೇಗೆ ಹೇಳಲಿ? 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ಹುಟ್ಟಿದ ದಕ್ಷಿಣ ಭಾರತ ಸಭೆ ಇದಕ್ಕೆ ತನ್ನ ಸಂವಿಧಾನದಲ್ಲೇ ಉತ್ತರ ಕೊಟ್ಟಿದೆ. ಅಪೊಸ್ತಲರ ಮತ್ತು ನೈಸಿಯಾದ ಪ್ರಮಾಣಗಳನ್ನು ಅದು ಸ್ವೀಕರಿಸುತ್ತದೆ. ಆದರೆ ಪ್ರತಿಯೊಬ್ಬರೂ ಪ್ರತಿ ಪದಕ್ಕೂ ಸಹಿ ಹಾಕಬೇಕೆಂದು ಕೇಳುವುದಿಲ್ಲ, ವ್ಯಾಖ್ಯಾನಕ್ಕೆ ಜಾಗ ಬಿಡುತ್ತದೆ. ನೈಸಿಯಾದ ಮೂಲ ಗ್ರೀಕ್ ಪಠ್ಯದಲ್ಲಿ ನಂಬುವವರು 'ನಾವು', 'ನಾನು' ಅಲ್ಲ. ನನ್ನ ನಂಬಿಕೆ ಕುಂಟುವ ವಾರ ಪಕ್ಕದಲ್ಲಿ ನಿಂತವರ ದನಿ ನನ್ನನ್ನು ನಡೆಸುತ್ತದೆ.

ಇನ್ನು ಅಪಾಯದ ಮಾತು. ಈ ಪ್ರಮಾಣಗಳಲ್ಲಿ ಯೇಸುವನ್ನು ಬಿಟ್ಟರೆ ಇಬ್ಬರೇ ಮನುಷ್ಯರ ಹೆಸರಿದೆ: ತಾಯಿ ಮರಿಯಳು ಮತ್ತು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಪತಿ ಪೊಂತ್ಯ ಪಿಲಾತ. ಯಾವ ಪೋಪನ, ಚಕ್ರವರ್ತಿಯ, ಸಭಾಪಾಲಕನ ಹೆಸರೂ ಇಲ್ಲ. ನಾನು ಪ್ರಾಜೆಕ್ಟ್ ಮ್ಯಾನೇಜರ್. ಎಲ್ಲರೂ ಒಪ್ಪಿದ ದಾಖಲೆ ಇಲ್ಲದ ಪ್ರಾಜೆಕ್ಟಿನಲ್ಲಿ ಕೊನೆಗೆ ಗೆಲ್ಲುವುದು ಜೋರು ದನಿಯವರು ಎಂಬುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಪ್ರಮಾಣವಿಲ್ಲದ ಚರ್ಚಿನಲ್ಲಿ ಮೈಕ್ ಹಿಡಿದವನ 'ದರ್ಶನ'ವೇ ಸಿದ್ಧಾಂತ. ದಶಾಂಶ ಕೊಟ್ಟರೆ ಪ್ರಮೋಷನ್ ಖಚಿತ ಎಂದು ಅವನು ಬೋಧಿಸಿದರೆ ತಡೆಯುವವರು ಯಾರು? ಪ್ರಮಾಣ ಬಾಯಿಪಾಠವಿರುವ ಹಿಂದಿನ ಬೆಂಚಿನ ಅಜ್ಜಿ ತಡೆಯಬಲ್ಲಳು. "ನಾವು ಈಗಷ್ಟೇ ಹೇಳಿದ್ದರಲ್ಲಿ ಇದೆಲ್ಲಿದೆ?" ಎಂದು ಕೇಳಲು ಅವಳಿಗೆ ಥಿಯಾಲಜಿ ಡಿಗ್ರಿ ಬೇಕಿಲ್ಲ.

ಪ್ರಮಾಣದಲ್ಲಿ ಕೊರತೆಯಿಲ್ಲವೇ? ಇದೆ. ಯೇಸು ಹುಟ್ಟಿದ ಎಂದವರು ನೇರ ಅವನ ಸಾವಿಗೆ ಹೋಗುತ್ತಾರೆ. ಪರ್ವತ ಪ್ರಸಂಗವಿಲ್ಲ, ಬಡವರಿಲ್ಲ, ಅವನು ಸುಂಕದವರ ಜೊತೆ ಕೂತು ಉಂಡದ್ದಿಲ್ಲ. ಅದಕ್ಕೆ ಮದ್ದು ಸುವಾರ್ತೆಯನ್ನು ಇನ್ನಷ್ಟು ಜೋರಾಗಿ ಓದುವುದು. ಪ್ರಮಾಣವನ್ನು ಕಿತ್ತುಹಾಕಿದರೆ ಆ ಕೊರತೆ ತುಂಬುವುದಿಲ್ಲ.

ವಲಸಿಗರಾದ ನಮಗೆ ಇನ್ನೊಂದು ಲಾಭವಿದೆ. ಕನ್ನಡ ಆರಾಧನೆ ಸಿಗದ ಊರಲ್ಲಿ ತಮಿಳು, ತೆಲುಗು, ಮರಾಠಿ ಸಭೆಯಲ್ಲಿ ಕೂತಾಗ ಪ್ರಸಂಗ ಅರ್ಧ ತಲೆಯ ಮೇಲೆ ಹಾರಿಹೋಗುತ್ತದೆ. ಪ್ರಮಾಣ ಬಂದಾಗ ಹಾಗಾಗುವುದಿಲ್ಲ. ಪಿಲಾತನ ಹೆಸರು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದೇವೆಂದು ತಿಳಿಯುತ್ತದೆ. ಮುಂದಿನದನ್ನು ಕನ್ನಡದಲ್ಲೇ ಮೆಲ್ಲಗೆ ಹೇಳಿಕೊಂಡು ಸೇರಿಕೊಳ್ಳಬಹುದು.

ಹಾಗಾಗಿ ನಿಮ್ಮ ಚರ್ಚಿನಲ್ಲಿ ಪ್ರಮಾಣ ಬಿದ್ದುಹೋಗಿದ್ದರೆ ಮುಂದಿನ ಕಮಿಟಿ ಸಭೆಯಲ್ಲಿ ಎದ್ದು ಕೇಳಿ. ಹೆಚ್ಚೇನೂ ಬೇಡ, ಪ್ರಸಂಗದಿಂದ ಎರಡು ನಿಮಿಷ ಕಡಿತವಾದರೆ ಸಾಕು.