ನಾಲ್ಕು ತಾಲ್ಲೂಕಿನ ಸಹಾಯಧನದ ಲೆಕ್ಕ ಜನರ ಮುಂದಿಡಿ

ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಗೆ 2014–15ರವರೆಗೆ ಪೂರ್ತಿ ಹಣ ಕೊಡುತ್ತಿದ್ದ ಕೇಂದ್ರ ಸರ್ಕಾರ, ಆಮೇಲೆ ಶೇ 40ರಷ್ಟು ಹೊರೆಯನ್ನು ರಾಜ್ಯದ ಹೆಗಲಿಗೆ ಹಾಕಿತು. ಹನಿ ನೀರಾವರಿ ಸಹಾಯಧನವೂ ಈಗ ಇದೇ ಯೋಜನೆಯಡಿ ಇದೆ. ಎರಡು ಖಜಾನೆಗಳ ಪಾಲು ಸೇರುವವರೆಗೆ ಕಾಯುವವನು ರೈತ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆ ತೋಟಕ್ಕೆ ಬೇಸಿಗೆಗೆ ಮೊದಲೇ ಡ್ರಿಪ್ ಪೈಪು ಬೇಕು; ಗಿಡ ಒಣಗಿದ ಮೇಲೆ ಬರುವ ಹಣದಿಂದೇನು ಪ್ರಯೋಜನ? ಸಿಂದಗಿಯ ಮಳೆಯಾಶ್ರಿತ ತೊಗರಿ ಹೊಲಕ್ಕೆ ಕೃಷಿ ಹೊಂಡವೇ ಆಸರೆ. ಈ ವ್ಯತ್ಯಾಸ ದೆಹಲಿ, ಬೆಂಗಳೂರಿನ ಕಡತಗಳಿಗೆ ಕಾಣುವುದಿಲ್ಲ. ನಕಲಿ ಬಿಲ್ಲು ತಡೆಯಲು ಸರ್ಕಾರದ ಹಿಡಿತ ಬೇಕು, ನಿಜ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳಿಗೆ ಬಂದ ಹಣ, ಬಾಕಿ ಅರ್ಜಿಗಳ ವಿವರವನ್ನು ಪ್ರತಿ ತಿಂಗಳು ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸಲಿ. ವಿಜಯಪುರ ಜಿಲ್ಲಾಡಳಿತ ಇದನ್ನು ಮುಂಗಾರಿಗೆ ಮುನ್ನವೇ ಆರಂಭಿಸಬೇಕು.