ಡಿಜೆ ನಿಲ್ಲಲಿ, ಕಾಲೇಜಿನ ಹಬ್ಬ ಯಾಕೆ ನಿಲ್ಲಬೇಕು?

ಕಳೆದ ಅಕ್ಟೋಬರ್ ಕೊನೆಯಲ್ಲಿ ಕಾಲೇಜೊಂದರ ಗುಮಾಸ್ತರು ನಮ್ಮ ಪ್ರೆಸ್ಸಿಗೆ ಬಂದು, "ಈ ಸಲ ಆಮಂತ್ರಣ ಪತ್ರಿಕೆ ಬೇಡ ಅಣ್ಣ. ರಾಜ್ಯೋತ್ಸವ ಅಂದ್ರೆ ಹುಡುಗ್ರು ಗಲಾಟೆ ಎಬ್ಬಿಸ್ತಾರೆ. ಬಾವುಟ ಹಾರಿಸಿ, ಲಾಡು ಹಂಚಿ, ಹತ್ತು ಗಂಟೆಗೆ ಗೇಟು ಹಾಕ್ತೀವಿ" ಅಂದರು. ನನಗೆ ಹೋದದ್ದು ಐನೂರು ಪ್ರತಿಯ ಆರ್ಡರು, ಅಷ್ಟೇ. ಹುಡುಗರಿಗೆ ಹೋದದ್ದು ಎಷ್ಟು?

ಬೆಂಗಳೂರಿನ ಗೆಳೆಯರೇ, ನಿಮಗೆ ರವೀಂದ್ರ ಕಲಾಕ್ಷೇತ್ರವಿದೆ, ರಂಗತಂಡಗಳಿವೆ, ವಾರಕ್ಕೊಂದು ಕವಿಗೋಷ್ಠಿಯಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಕ್ಕಳ ಕೈಗೆ ಮೈಕು ಸಿಗುವುದು ವರ್ಷಕ್ಕೆ ಒಂದೋ ಎರಡೋ ಸಲ. ಜಗಳೂರಿನ ಬರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಓಡಿ ಬರುವ ಹುಡುಗಿಗೆ ಕಾಲೇಜಿನ ಶಾಮಿಯಾನವೇ ಕಲಾಕ್ಷೇತ್ರ.

ಗಲಾಟೆ ಆಗುತ್ತದೆ, ಸುಳ್ಳಲ್ಲ. ಸೈಲೆನ್ಸರ್ ಕಿತ್ತ ಬೈಕು, ಕಾಲೇಜಿಗೆ ಸಂಬಂಧವೇ ಇಲ್ಲದ ಪುಂಡರು, ಹುಡುಗಿಯರಿಗೆ ಕೀಟಲೆ. ಎಲ್ಲವನ್ನೂ ನಮ್ಮ ಪ್ರೆಸ್ಸಿನ ಕಟ್ಟೆಯಿಂದಲೇ ನೋಡಿದ್ದೇನೆ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರೇವಾ ವಿಶ್ವವಿದ್ಯಾಲಯದ ಉತ್ಸವದಲ್ಲಿ ಜಗಳವೆದ್ದು ವಿದ್ಯಾರ್ಥಿಯೊಬ್ಬ ಇರಿತಕ್ಕೆ ಬಲಿಯಾದ. ಹೆತ್ತವರು ಹೆದರಿದರೆ ತಪ್ಪೇನಿದೆ? 2022ರ ನವೆಂಬರ್ ಕೊನೆಯಲ್ಲಿ ಬೆಳಗಾವಿಯ ಗೋಗಟೆ ಕಾಲೇಜಿನ ಫೆಸ್ಟ್‌ನಲ್ಲಿ ಕನ್ನಡ ಬಾವುಟ ಹಿಡಿದು ಕುಣಿದ ಹುಡುಗನಿಗೆ ಸಹಪಾಠಿಗಳೇ ಹೊಡೆದರು. ಕರ್ನಾಟಕದಲ್ಲೇ! ಹಾಗೆಂದು ಫೆಸ್ಟ್ ನಿಲ್ಲಿಸಿದರೆ ಗೆದ್ದವರು ಯಾರು, ಬಾವುಟ ಹಿಡಿದವನೋ ಹೊಡೆದವರೋ?

ನಿಲ್ಲಿಸುವ ಮದ್ದನ್ನು ನಾವು ಹಿಂದೆಯೂ ಕುಡಿದಿದ್ದೇವೆ. 1989-90ರ ಸುಮಾರಿಗೆ ಹೊಡೆದಾಟದ ಕಾರಣ ಹೇಳಿ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಿದರು. ಅದರ ಕರಪತ್ರಗಳಿಗೆ ನಮ್ಮಪ್ಪ ಮೊಳೆ ಜೋಡಿಸುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ಚುನಾವಣೆ ಹೋಯಿತು, ಪುಂಡಾಟ ಹೋಗಲಿಲ್ಲ. ಹೋದದ್ದು, ಶಾಮಿಯಾನ ಹಾಕಿಸಿ, ಲೆಕ್ಕ ಒಪ್ಪಿಸಿ, ಗಲಾಟೆ ಮಾಡಿದವನ ಕೊರಳಪಟ್ಟಿ ಹಿಡಿದು ಹೊರಗೆ ಹಾಕುತ್ತಿದ್ದ ಹುಡುಗರ ಜವಾಬ್ದಾರಿ.

ಈಗ ಹಬ್ಬ ಯಾರದು? ಎರಡು ವರ್ಷದ ಹಿಂದೆ ನಾನೇ ಅಚ್ಚು ಹಾಕಿದ ಆಮಂತ್ರಣವೊಂದನ್ನು ತೆಗೆದು ಎಣಿಸಿದೆ. ಘನ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ಮುಖ್ಯ ಅತಿಥಿಗಳು, ಎಲ್ಲ ಸೇರಿ ಇಪ್ಪತ್ತಮೂರು ಹೆಸರು. ವಿದ್ಯಾರ್ಥಿಗಳ ಹೆಸರು? ಒಂದೂ ಇಲ್ಲ. ಕೊನೆಯಲ್ಲಿ "ವಿದ್ಯಾರ್ಥಿಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ" ಎಂಬ ಒಂದು ಸಾಲು! ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಹಳ್ಳಿ ಬಸ್ಸಿನ ಹೊತ್ತಾಗಿ ಹುಡುಗಿಯರು ಹೊರಟಿರುತ್ತಾರೆ. ಉಳಿಯುವುದು ಡಿಜೆ, ಅದಕ್ಕೆ ಹುಚ್ಚೆದ್ದು ಕುಣಿಯುವವರು. ತನ್ನದಲ್ಲದ ಹಬ್ಬವನ್ನು ಯಾವ ಹುಡುಗ ಕಾಯುತ್ತಾನೆ? (ಫ್ಲೆಕ್ಸಿನಲ್ಲಿ ಅದೇ ಇಪ್ಪತ್ತಮೂರು ಮುಖ ಅಂಟಿಸಿ ಕಾಸು ಎಣಿಸಿದವನು ನಾನೇ. ಬಯ್ಯುವವರು ನನಗೂ ಬಯ್ಯಿರಿ.)

2025ರ ಗಣೇಶ ಹಬ್ಬಕ್ಕೆ ದಾವಣಗೆರೆ ಜಿಲ್ಲಾಡಳಿತ ಡಿಜೆ ನಿಷೇಧಿಸಿತು. ಗಣಪತಿ ಕೂರಿಸುವುದನ್ನು ನಿಷೇಧಿಸಲಿಲ್ಲ. ಪ್ರಿನ್ಸಿಪಾಲರಿಗೆ ಇಷ್ಟು ಹೊಳೆಯುವುದಿಲ್ಲವೇ? ಗೇಟಿನಲ್ಲಿ ಗುರುತಿನ ಚೀಟಿ ನೋಡಿ, ಬೆಳಿಗ್ಗೆಯೇ ಶುರು ಮಾಡಿ, ಮಧ್ಯಾಹ್ನದ ಬಸ್ಸಿನೊಳಗೆ ಮುಗಿಸಿ.

ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತಾಡಿದರು. ನವೆಂಬರ್ ಬಂತೆಂದರೆ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸದ ಭಾಷಣಕಾರನಿಲ್ಲ. ಅದೇ ತಾಲೂಕಿನ ಹುಡುಗ ತನ್ನ ಕಾಲೇಜಿನಲ್ಲೇ ನಾಲ್ಕು ಮಾತು ಕನ್ನಡದಲ್ಲಿ ಆಡುತ್ತೇನೆಂದರೆ ಗೇಟಿಗೆ ಬೀಗ!

ಬರುವ ನವೆಂಬರಿಗೆ ನನ್ನದೊಂದು ಮಾತು. ಈ ನಾಲ್ಕು ತಾಲೂಕಿನ ಯಾವ ಕಾಲೇಜೇ ಆಗಲಿ, ಹಾಡುವ, ಕುಣಿಯುವ, ಮಾತಾಡುವ ಮಕ್ಕಳ ಹೆಸರನ್ನು ಆಮಂತ್ರಣದ ಮೊದಲ ಪುಟಕ್ಕೆ ಹಾಕಿಸಿದರೆ ಅಚ್ಚಿನ ಕೂಲಿ ಬೇಡ, ಕಾಗದದ ದುಡ್ಡು ಕೊಟ್ಟರೆ ಸಾಕು. ಗಣ್ಯರು ಹಿಂದಿನ ಪುಟದಲ್ಲಿರಲಿ. ಪ್ರೂಫ್ ತಿದ್ದಲು ಗುಮಾಸ್ತರನ್ನು ಕಳಿಸಬೇಡಿ, ಹುಡುಗರನ್ನೇ ಕಳಿಸಿ.